ಬೆಳ್ಳಿ ಲೋಟದೊಳಗಿನ ಕೆಂಟಕಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೇರೆಯವರ ಬಾಯಿಂದ ಕೇಳಿ ನೀವು ಬೇಜಾರು ಮಾಡಿಕೊಳ್ಳುವುದು ಬೇಡ. ದೇಸಾಯರ ಮೀಸೆಯ ಮೇಲೆ ಪುದೀನದ ಟೊಂಗೆ ನೆಟ್ಟವನು ನಾನೇ. ಅವರ ಹ್ಯಾಟಿನ ಅಂಚಿಗೆ ಬರ್ಫ ತುಂಬಿಸಿದವನೂ ನಾನೇ. ಆ ಹೊತ್ತಿನಲ್ಲಿ ಆ ಮನುಷ್ಯ ತಮ್ಮ ಮಗಳನ್ನು ನನಗೆ ಕೊಡಬೇಕೋ ಬೇಡವೋ ಎಂದು ತೂಗಿ ನೋಡುತ್ತಿದ್ದರು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಬುದ್ಧಿವಂತನಿಗೂ ನನಗೂ ಇರುವ ವ್ಯತ್ಯಾಸ ಇಷ್ಟೇ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ನಾಳೆ ರಾಮನವಮಿ. ಅವ್ವ ನನ್ನ ಮುಂದೆ ತನ್ನ ಬೆಳ್ಳಿ ಲೋಟಗಳನ್ನು ಸುರಿದು, ಪಕ್ಕದಲ್ಲಿ ಒಂದು ವಿಭೂತಿ ಉಂಡೆ ಇಟ್ಟು ಹೋಗಿದ್ದಾಳೆ. ಉಜ್ಜಬೇಕು. ವರ್ಷಕ್ಕೊಮ್ಮೆ ಪಾನಕಕ್ಕಾಗಿ ಟ್ರಂಕಿನಿಂದ ಹೊರಬರುವ ಲೋಟಗಳಿವು; ಅವುಗಳನ್ನು ಉಜ್ಜುವುದು ನನಗೆ ವಿಧಿಸಿದ ಶಿಕ್ಷೆ. ಆಜೀವ. ಬೆಳ್ಳಿಯ ಹೊಟ್ಟೆಯಲ್ಲಿ ನನ್ನ ಮುಖ ಕಾಣುತ್ತದೆ: ಮೂಗು ಬದನೆಕಾಯಿ, ಹಣೆ ಇಲ್ಲವೇ ಇಲ್ಲ, ಉಳಿದದ್ದೆಲ್ಲ ಬಾಯಿ. ಬೆಳ್ಳಿ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ.

ಬಾಯಿಯ ಬಗ್ಗೆ ಹೇಳಬೇಕು. ನಾನು ಮಂದಿಯ ದನಿ ತೆಗೆಯುವವನು. ಹುಟ್ಟಿನಿಂದ ಬಂದ ರೋಗ. ಪುಣೆಯ ಮಗರಪಟ್ಟಾದ ನಮ್ಮ ಆಫೀಸಿನಲ್ಲಿ ಬೆಂಗಳೂರಿನ ಮ್ಯಾನೇಜರ್ ಒಬ್ಬನಿದ್ದಾನೆ. ಯಾವ ಕೆಟ್ಟ ಸುದ್ದಿಯನ್ನೂ ಅವನು "ಬೇಸಿಕಲಿ ಏನಪ್ಪಾ ಅಂದ್ರೆ" ಎಂದೇ ಶುರು ಮಾಡುವುದು. ಅವನು ರಜೆ ಹಾಕಿದ ದಿನ ಅವನ ಮೀಟಿಂಗನ್ನು ಅವನ ದನಿಯಲ್ಲಿ ನಾನೇ ನಡೆಸಿದ್ದೇನೆ. ಯಾರಿಗೂ ಏನೂ ಕೊರತೆ ಅನ್ನಿಸಲಿಲ್ಲ. ನಮ್ಮ ಸೊಸಾಯಿಟಿಯ ಚೇರ್ಮನ್ ಟ್ಯಾಂಕರಿನವನನ್ನು ಬೈಯುವಾಗಿನ ಮರಾಠಿ, ಅಪರಿಚಿತರ ಫೋನು ಬಂದಾಗ ಅವ್ವ ತೆಗೆಯುವ ರೇಷ್ಮೆ ದನಿ, ಕರೆ ಮಾಡಿದವನು ನಾನೇ ಎಂದು ತಿಳಿದ ಕೂಡಲೇ ಅದು ಗೋಣಿಚೀಲವಾಗುವ ಬಗೆ, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇವೆ. ನನ್ನ ಸ್ವಂತ ದನಿ ಯಾವುದು ಎಂದು ಮಾತ್ರ ಕೇಳಬೇಡಿ. ಮನೆ ತುಂಬ ಬಾಡಿಗೆದಾರರಿದ್ದರೆ ಮಾಲೀಕ ಜಿನೆಯ, ಅಂದರೆ ಮೆಟ್ಟಿಲುಗಳ, ಕೆಳಗೆ ಮಲಗಬೇಕಾಗುತ್ತದೆ.

ಅಮೃತಾ ಸಿಕ್ಕಿದ್ದೂ ಇದರಿಂದಲೇ. ಕ್ಯಾಂಟೀನಿನ ಸಾಲಿನಲ್ಲಿ ನಿಂತು ಗೆಳೆಯರ ಮುಂದೆ ನಾನು ಕ್ಯಾಂಟೀನಿನವನ ಅಣಕ ಮಾಡುತ್ತಿದ್ದೆ. ಹಿಂದಿನಿಂದ ಒಂದು ಹುಡುಗಿ, ಅಚ್ಚ ಬೆಳಗಾವಿ ಕನ್ನಡದಲ್ಲಿ, "ಅವಾ ಮೂಗಿನಾಗ ಮಾತಾಡ್ತಾನ, ನೀ ಗಂಟಲದಾಗ ಮಾಡ್ಲಿಕತ್ತಿ. ಸರಿ ಇಲ್ಲ" ಎಂದಳು. ಜೀವಮಾನದಲ್ಲಿ ನನ್ನ ಕಲೆಯಲ್ಲಿ ತಪ್ಪು ಹುಡುಕಿದ ಮೊದಲ ವ್ಯಕ್ತಿ. ಅಂಥವಳನ್ನು ಬಿಡಲಾದೀತೆ?

ಬಿಡದೆ ಹಿಡಿದದ್ದರ ಪರಿಣಾಮವಾಗಿ ಅವಳ ತಂದೆ ದೇಸಾಯರನ್ನು ಭೇಟಿಯಾಗಬೇಕಾಗಿ ಬಂತು. ಕೊಂಢವಾದಲ್ಲಿ ದೊಡ್ಡ ಗಚ್ಚಿಯ, ಅಂದರೆ ತಾರಸಿಯ, ಮನೆ. ರಾಂಜಣಗಾಂವದ ಕಾರ್ಖಾನೆಗಳಿಗೆ ರಬ್ಬರ್ ವಾಶರ್ ಪೂರೈಸುವ ವ್ಯಾಪಾರ. ಒಮ್ಮೆ ಆ ವಾಶರಿನ ಕೆಲಸಕ್ಕೇ ಅವರು ಅಮೇರಿಕದ ಕೆಂಟಕಿಗೆ ಹೋದರು. ಅಲ್ಲಿನವರು ಕುದುರೆ ರೇಸಿಗೆ ಕರೆದೊಯ್ದು, ತಲೆಗೊಂದು ಹ್ಯಾಟು ಇಟ್ಟು, ಕೈಗೆ ಮಿಂಟ್ ಜುಲೆಪ್ ಎಂಬ ಪೇಯ ಕೊಟ್ಟರು. ಬರ್ಬನ್ ಎಂಬ ಅಲ್ಲಿಯ ಗೋವಿನಜೋಳದ ವಿಸ್ಕಿ, ಸಕ್ಕರೆ ಪಾಕ, ಪುದೀನ, ಪುಡಿ ಬರ್ಫ. ಅಲ್ಲಿಯ ವಸಂತಕಾಲದ ರೇಸಿನ ದಿನ ಅದನ್ನು ಕುಡಿಯದವನನ್ನು ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಆಮೇಲೆ ದೇಸಾಯರ ದೇಹ ಕೊಂಢವಾಕ್ಕೆ ವಾಪಸ್ಸು ಬಂತು. ಉಳಿದದ್ದು ಬರಲಿಲ್ಲ.

"ಕೆಂಟಕಿಯೊಳಗ ಹಂಗಲ್ಲ." ಇದು ಅವರ ಪಲ್ಲವಿ. ರಸ್ತೆಯ ಗುಂಡಿ ಕಂಡರೂ ಕೆಂಟಕಿಯೊಳಗ ಹಂಗಲ್ಲ, ಸಾರಿಗೆ ಉಪ್ಪು ಹೆಚ್ಚಾದರೂ ಕೆಂಟಕಿಯೊಳಗ ಹಂಗಲ್ಲ. ಒಂದು ಸಲ ಬಾಗಿಲಿಗೆ ಬಂದ ಹಸುವಿಗೆ ಬಾಳೆಹಣ್ಣಿನ ಸಿಪ್ಪೆ ಕೊಡುತ್ತ ಹಸುವಿಗೂ ಅದನ್ನೇ ಹೇಳಿದರೆಂದು ಅಮೃತಾ ಹೇಳುತ್ತಾಳೆ. ಹಸು ತಲೆ ಅಲ್ಲಾಡಿಸಿತಂತೆ. ಇಂಥ ಮಾತು ನನ್ನ ಕಿವಿಗೆ ಬಿದ್ದರೆ ಗಂಟಲು ಸುಮ್ಮನಿದ್ದೀತೆ? ಮೊದಲ ವಾರದಲ್ಲೇ ಆ ದನಿ ನನ್ನ ಬಾಡಿಗೆದಾರರ ಪೈಕಿ ಸೇರಿಕೊಂಡಿತು: ಮೊದಲ ಪದಕ್ಕೆ ಮೀಸೆ ಮೇಲೇಳಬೇಕು, ಕೊನೆಯ ಪದಕ್ಕೆ ಕೆಳಗೆ ಬೀಳಬೇಕು.

ಭೇಟಿಗೆ ಮೊದಲು ಅಮೃತಾ ಎಚ್ಚರಿಸಿದ್ದಳು. "ನೋಡು ಸುಧ್ಯಾ, ಅಪ್ಪಾನ ಮುಂದ ನಿನ್ನ ನಕಲಿ ಅಂಗಡಿ ತೆಗೀಬ್ಯಾಡ. ಅಲ್ಲಿ ಕೂತಷ್ಟು ಹೊತ್ತು ನೀ ನೀನಾಗಿ ಇರು."

"ನಾನು ಅಂದ್ರ ಯಾರು?"

"ಅದನ್ನ ಹುಡುಕ್ಕೊಂಡು ಬಾ."

ಹುಡುಕಲು ಸಮಯವಿರಲಿಲ್ಲ. ದೇಸಾಯರು ಅವಲಕ್ಕಿಯ ತಾಟು ಮುಂದಿಟ್ಟು ನೇರವಾಗಿ ಕೇಳಿದರು: "ತಮ್ಮಾ, ಅಮೃತಾ ಎಲ್ಲಾ ಹೇಳ್ಯಾಳ. ಆಕೀನ್ನ ನಿನಗ್ಯಾಕ ಕೊಡಬೇಕು, ಅದನ್ನ ನೀ ಹೇಳು."

ನನಗೆ ಗಾಬರಿಯಾಯಿತು. ಗಾಬರಿಯಾದಾಗ ಜಿನೆಯ ಕೆಳಗಿನ ಮಾಲೀಕ ಮುಸುಕು ಎಳೆದುಕೊಳ್ಳುತ್ತಾನೆ, ಬಾಡಿಗೆದಾರರಲ್ಲಿ ಯಾರೋ ಒಬ್ಬರು ಬಾಗಿಲಿಗೆ ಬರುತ್ತಾರೆ. ಅಂದು ಬಂದವರು ನಮ್ಮ ಮನೆಯ ಪೂಜೆ ಮಾಡಿಸುವ ಆಚಾರ್ಯರು. "ಎಲ್ಲಾ ಹರಿಚಿತ್ತ ನೋಡ್ರಿ" ಎಂದೆ, ಎಳೆದು, ಮೂಗಿನಲ್ಲಿ, ಕಣ್ಣು ಅರ್ಧ ಮುಚ್ಚಿ.

"ನಾ ನಿನ್ನ ಕೇಳಿದೆ," ಎಂದರು ದೇಸಾಯರು. "ಹರೀನ್ನ ಆಮ್ಯಾಲೆ ಕೇಳತೇನಿ."

ಅಮೃತಾ ಹಣೆ ಹಿಡಿದುಕೊಂಡಳು. ನಾನು ಅವಲಕ್ಕಿಯಲ್ಲಿ ಶೇಂಗಾ ಹುಡುಕಿದೆ. ಕೊನೆಗೆ ದೇಸಾಯರೇ ಮಾತು ಬದಲಿಸಿ, ಚೈತ್ರದಲ್ಲಿ ಗಚ್ಚಿಯ ಮೇಲೆ ತಾವೊಂದು 'ಸ್ಪ್ರಿಂಗ್ ಪಾರ್ಟಿ' ಇಟ್ಟುಕೊಂಡಿರುವುದಾಗಿ ಹೇಳಿದರು. ರೇಸು ಇರುವುದು ಮೇ ತಿಂಗಳಲ್ಲಂತೆ, ಆದರೆ ಮೇ ತಿಂಗಳಲ್ಲಿ ಪುಣೆಯ ಗಚ್ಚಿಯ ಮೇಲೆ ಹಪ್ಪಳ ಬಿಟ್ಟರೆ ಬೇರೆ ಯಾರೂ ಇರಲಾರರು. ಬರ್ಬನ್ ಬಾಟಲಿಗಳಿವೆ, ಹ್ಯಾಟಿದೆ, ಬರುವ ಮಂದಿಯೂ ಇದ್ದಾರೆ. "ಆದ್ರ ಮಿಂಟ್ ಜುಲೆಪ್ ಮಾಡೋ ಒಬ್ಬ ಮನಷ್ಯಾ ಇಲ್ಲ ಈ ಪುಣೇದಾಗ."

"ನಾ ಮಾಡ್ತೀನ್ರಿ ಕಾಕಾ," ಎಂದುಬಿಟ್ಟೆ.

"ಬರ್ತದ?"

"ಬರ್ತದ್ರಿ."

"ಮಾಡು ಹಂಗಾರ. ನಮ್ಮ ಮಂದಿ ಮುಂದ ನೀ ಹೆಂಗ ನಿಂದರ್ತಿ ನೋಡತೇನಿ. ನನ್ನ ಉತ್ತರಾನೂ ಅವತ್ತ ಹೇಳಿಬಿಡತೇನಿ."

ನನಗೆ ಬರುತ್ತಿತ್ತೇ? ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಒಬ್ಬ ಮುದುಕ, ಬಿಳಿ ಕೋಟು, ಬಾಯಲ್ಲಿ ಬೆಲ್ಲದ ಪಾಕ ಇಟ್ಟುಕೊಂಡಂತೆ ಒಂದೊಂದು ಶಬ್ದವನ್ನೂ ಎಳೆಯುತ್ತ ಜುಲೆಪ್ ಮಾಡುತ್ತಾನೆ. ಅವನ ದನಿ ನನಗೆ ಅಚ್ಚೊತ್ತಿದಂತೆ ಬರುತ್ತಿತ್ತು. ದನಿ ಬಂದ ಮೇಲೆ ಕೆಲಸ ಬಾರದೆ ಎಲ್ಲಿಗೆ ಹೋಗುತ್ತದೆ? ಮಂದಿಯ ದನಿ ತೆಗೆಯುವವರಿಗೆಲ್ಲ ಇರುವ ಭ್ರಮೆ ಇದು. ಡಾಕ್ಟರ ಕೆಮ್ಮು ಬಂದರೆ ಡಾಕ್ಟರಿಕೆ ಬಂದಂತೆ, ಸಚಿವರ ಗಂಟಲು ಬಂದರೆ ರಾಜ್ಯ ನಡೆಸಿದಂತೆ. ರಾಜ್ಯದ ವಿಷಯದಲ್ಲಿ ಅದು ಭ್ರಮೆ ಅಲ್ಲದಿರಬಹುದು, ಅದನ್ನು ಬಿಡಿ.

ಮನೆಯಲ್ಲಿ ಅಭ್ಯಾಸ ಶುರು ಮಾಡಿದೆ. ಪುದೀನವನ್ನು ಮೆಲ್ಲಗೆ ಅದುಮಬೇಕು, ಅದಕ್ಕೆ ನೋವಾಗಬಾರದು ಎಂದು ಮುದುಕ ಹೇಳಿದ್ದ. ಆ ಮಾತನ್ನು ಅವನ ದನಿಯಲ್ಲಿ ಪುನರುಚ್ಚರಿಸುವ ಸಂಭ್ರಮದಲ್ಲಿ ನಾನು ಅದನ್ನು ಕುಟ್ಟಾಣಿಗೆ ಹಾಕಿ ಅರೆದೇಬಿಟ್ಟೆ. ಅವ್ವ ಅದರಲ್ಲೇ ಏಲಕ್ಕಿ, ಶುಂಠಿ ಕುಟ್ಟುವುದು. ಹಸಿರಾದ, ಗಟ್ಟಿಯಾದ, ಘಾಟು ಹೊಡೆಯುವ ಒಂದು ವಸ್ತು ತಯಾರಾಯಿತು. ಬಾಟಲಿಯಲ್ಲಿ ತುಂಬಿ ಅಮೃತಾಳಿಗೆ ರುಚಿ ತೋರಿಸಿದೆ. ನಾಲಗೆಯ ತುದಿಗೆ ಇಟ್ಟುಕೊಂಡು ಅವಳು, "ಛಲೋ ಆಗೇದ. ಇದರ ಜೋಡಿ ಕಾಂದಾಭಜಿ ಎಲ್ಲಿ?" ಎಂದಳು.

ಕ್ರಮೇಣ ಪುದೀನ ಹದಕ್ಕೆ ಬಂತು. ಉಳಿದದ್ದು ಪಾತ್ರೆ. ಜುಲೆಪ್ಪನ್ನು ಬೆಳ್ಳಿ ಲೋಟದಲ್ಲೇ ಕೊಡಬೇಕು, ತಣ್ಣಗಿನ ಬೆಳ್ಳಿಯ ಮೈಮೇಲೆ ಹಿಮದ ಪದರು ಕಟ್ಟಬೇಕು, ಗಾಜಿನಲ್ಲಿ ಕೊಡುವವನು ಅಯೋಗ್ಯ ಎಂದು ಮುದುಕನ ತೀರ್ಪು. ಪುಣೆಯಲ್ಲಿ ನನಗೆ ಗೊತ್ತಿದ್ದ ಬೆಳ್ಳಿ ಲೋಟಗಳು ಅವ್ವನವು ಮಾತ್ರ. ರಾಮನವಮಿ ಆಗಷ್ಟೇ ಮುಗಿದಿತ್ತು. ಅವು ತೊಳೆದು ಬೋರಲಾಗಿ ಟ್ರಂಕಿನ ದಾರಿ ಕಾಯುತ್ತಿದ್ದವು.

"ಅವ್ವಾ, ದೇಸಾಯರ ಮನ್ಯಾಗ ಸಣ್ಣ ಕಾರ್ಯಕ್ರಮ ಅದ. ಪಾನಕಾ ಮಾಡೋದು ನನ್ನ ಪಾಲಿಗೆ ಬಂದದ. ನಿನ್ನ ವಾಟಗಾ ಬೇಕಿತ್ತು."

"ನೀ ಪಾನಕಾ ಮಾಡ್ತಿ?"

"ಅಮೇರಿಕಾದ ಪಾನಕಾ."

ಅವ್ವ ನನ್ನನ್ನು ನೋಡಿದಳು. ಬೀಗರಾಗಬಹುದಾದವರ ಮನೆ, ಬೆಳ್ಳಿ ಕಳಿಸಿದರೆ ಮರ್ಯಾದೆ, ಕಳಿಸದಿದ್ದರೆ ಮಾತು. ತೂಗಿ ಹೇಳಿದಳು: "ಒಯ್ಯಿ. ಆದ್ರ ಒಂದು ಮಾತು. ಯಾರೂ ತುಟಿ ಹಚ್ಚಬಾರದು. ಎತ್ತಿ ಕುಡೀಬೇಕು. ನನ್ನ ಅತ್ತಿಯವರ ಕಾಲದಿಂದ ಅವು ಎಂಜಲ ಆಗಿಲ್ಲ."

"ಸ್ಟ್ರಾ ಹಾಕಿದ್ರ?" ವಿಡಿಯೋದಲ್ಲಿ ಮುದುಕ ಒಂದು ಗಿಡ್ಡ ಸ್ಟ್ರಾ ಸಿಕ್ಕಿಸಿದ್ದ.

ಅವ್ವ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಒಲೆ ಸಣ್ಣ ಮಾಡಿ ಯೋಚಿಸಿದಳು. "ಆಗಂಗಿಲ್ಲ. ಮ್ಯಾಲಿಂದ ಜಗ್ಗೋದು ಬಿಟ್ಟಕೂಡಲೇ ಎಂಜಲ ಕೊಳವ್ಯಾಗಿಂದ ಕೆಳಗ ಇಳೀತದ." ಯಾವ ಧರ್ಮಶಾಸ್ತ್ರದಲ್ಲೂ ಇಲ್ಲದ ಪ್ರಶ್ನೆಗೆ ಇಷ್ಟು ಬೇಗ ನಿರ್ಣಯ ಕೊಡುವವರು ಮಠಗಳಲ್ಲೂ ಸಿಗಲಾರರು.

ಎತ್ತಿ ಕುಡಿಯುವ ವಿದ್ಯೆಯ ಬಗ್ಗೆ ಎರಡು ಮಾತು. ಕತ್ತು ಹಿಂದೆ, ಬಾಯಿ ಮೇಲೆ, ಲೋಟ ಆಕಾಶದಲ್ಲಿ, ನೀರು ಧಾರೆಯಾಗಿ ಗಂಟಲಿಗೆ. ನಮ್ಮಲ್ಲಿ ಮಕ್ಕಳು ಅಕ್ಷರಕ್ಕಿಂತ ಮೊದಲು ಇದನ್ನು ಕಲಿಯುತ್ತಾರೆ. ನಾನು ಕಲಿತದ್ದು ಮೂಗಿನ ಮೂಲಕ. ಎಷ್ಟೋ ವರ್ಷ ನನ್ನ ಶಾಲೆಯ ಅಂಗಿ ಎದೆಯ ಮೇಲೆ ಒಣಗಿರುತ್ತಲೇ ಇರಲಿಲ್ಲ. ಪಕ್ಕದ ಮನೆಯ ಮರಾಠಿ ಗೆಳೆಯ ಹಾಯಾಗಿ ತುಟಿ ಹಚ್ಚಿ ಕುಡಿದು ಆಟಕ್ಕೆ ಓಡುತ್ತಿದ್ದ. ನಮ್ಮ ಅಜ್ಜಿ ಅವನು ಕುಡಿದ ಲೋಟವನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿಯಂತೆ, ಬಚ್ಚಲಿಗೆ ಒಯ್ಯುತ್ತಿದ್ದಳು. ಅದೇ ಅಜ್ಜಿಯ ತಮ್ಮಂದಿರು ಸಂಜೆ ಹಿತ್ತಲಲ್ಲಿ ಸ್ಟೀಲ್ ಲೋಟದಲ್ಲಿ 'ಔಷಧಿ' ಕುಡಿಯುತ್ತಿದ್ದರು, ಎತ್ತಿ. ಒಂದು ಹನಿ ತುಟಿಗೆ ತಾಗಿಸದೆ. ನಮ್ಮ ಶುದ್ಧಿಯೆಲ್ಲ ತುಟಿಯಲ್ಲೇ ಇದೆ. ತುಟಿ ದಾಟಿ ಒಳಗೆ ಏನು ಇಳಿಯಿತು, ಒಳಗಿಂದ ಏನು ಹೊರಬಂತು ಎಂದು ಯಾವ ಲೋಟವೂ ಕೇಳಿದ್ದಿಲ್ಲ.

ಇಂಥ ಪರಂಪರೆಯ ಕುಡಿಯಾದ ನಾನು, ಅವ್ವನಿಗೆ ಸುಳ್ಳು ಹೇಳಿದ ಪಾಪಕ್ಕೆ ಪರಿಹಾರವಾಗಿ ಒಂದು ಪ್ರತಿಜ್ಞೆ ಮಾಡಿದೆ: ಒಳಗೆ ಬರ್ಬನ್ ಇರಲಿ, ಆದರೆ ಲೋಟ ಮಾತ್ರ ಎಂಜಲಾಗಲು ಬಿಡಬಾರದು.

ಪಾರ್ಟಿಯ ಭಾನುವಾರ. ಪುಣೆಯಲ್ಲಿ ವಸಂತ ಎಂಬುದು ಬಿಸಿಲಿಗೆ ಇಟ್ಟ ಇನ್ನೊಂದು ಹೆಸರು. ಸಂಜೆಯಾದರೂ ಗಚ್ಚಿಯ ಕಾದ ನೆಲ ಚಪ್ಪಲಿಯನ್ನು ಬಿಡುತ್ತಿರಲಿಲ್ಲ. ದೇಸಾಯರು ಬಿಳಿ ಕೋಟು ತೊಟ್ಟು, ಅಗಲ ಅಂಚಿನ ಹ್ಯಾಟು ಇಟ್ಟು, ಬೆವರುತ್ತ ಕೆಂಟಕಿಯಲ್ಲಿ ನಿಂತಿದ್ದರು. ಬಂದವರಿಗೂ ಹ್ಯಾಟು ಕಡ್ಡಾಯ. ಬೆಳಗಾವಿ, ಧಾರವಾಡ ಕಡೆಯ ವ್ಯಾಪಾರಿ ಕಾಕಾಗಳು ಮನೆಯಲ್ಲಿ ಸಿಕ್ಕಿದ್ದನ್ನು ತಲೆಗೇರಿಸಿಕೊಂಡು ಬಂದಿದ್ದರು. ಗಾಂಧಿ ಟೋಪಿ, ಮೊಮ್ಮಗನ ಕ್ರಿಕೆಟ್ ಟೋಪಿ. ಒಬ್ಬರದು ಮಂಕಿ ಕ್ಯಾಪು, ಚಳಿಗಾಲದ್ದು. ಗೋಡೆಗೆ ಒರಗಿಸಿದ ಟೀವಿಯಲ್ಲಿ ಹಳೆಯ ರೇಸೊಂದರ ಕುದುರೆಗಳು ಓಡುತ್ತಿದ್ದವು. ಯಾವುದು ಗೆಲ್ಲುತ್ತದೆಂದು ದೇಸಾಯರು ಮೊದಲೇ ಹೇಳಿ, ಗೆದ್ದಾಗ ಹೆಮ್ಮೆಪಡುತ್ತಿದ್ದರು.

ಕೆಳಗಿನ ಮನೆಯಲ್ಲಿ ದೇಸಾಯರ ಹೆಂಡತಿ ಹೆಂಗಸರಿಗೆ ಚೈತ್ರಗೌರಿಯ ಅರಿಶಿನ-ಕುಂಕುಮ ಇಟ್ಟುಕೊಂಡಿದ್ದರು. ಅಲ್ಲಿ ಕೋಸಂಬರಿ, ಮಾವಿನಕಾಯಿಯ ಪಾನಕ. ಅದೂ ವಸಂತದ ಪಾರ್ಟಿಯೇ, ಹ್ಯಾಟಿಲ್ಲದ್ದು. ಯಾರ್ಯಾರನ್ನು ಕರೆದಿದ್ದಾರೆಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ನಾನು ಬರ್ಫವನ್ನು ಬಟ್ಟೆಯ ಚೀಲಕ್ಕೆ ಹಾಕಿ ಲಟ್ಟಣಿಗೆಯಿಂದ ಬಡಿದು ಪುಡಿ ಮಾಡಿದೆ. ಲೋಟದ ತಳಕ್ಕೆ ಪಾಕ, ಪುದೀನ, ಮೇಲೆ ಬರ್ಬನ್, ಅದರ ಮೇಲೆ ಮುದುಕ ತೋರಿಸಿದಂತೆ ಬರ್ಫದ ಗೋಪುರ, ಲೋಟದಷ್ಟೇ ಎತ್ತರ, ಗೋಪುರಕ್ಕೆ ಕಳಸದಂತೆ ಪುದೀನದ ಟೊಂಗೆ. ನೋಡನೋಡುತ್ತ ಬೆಳ್ಳಿಯ ಮೈ ಬೆಳ್ಳಗೆ ಬೆವರಿ, ಆಮೇಲೆ ಮಂಜು ಕಟ್ಟಿತು. ನಿಜ ಹೇಳುತ್ತೇನೆ, ಅಷ್ಟು ಚಂದದ್ದನ್ನು ನನ್ನ ಕೈ ಅದುವರೆಗೆ ಮಾಡಿರಲಿಲ್ಲ. ದೇಸಾಯರು ಬೆರಳಿನಿಂದ ಆ ಹಿಮವನ್ನು ಮುಟ್ಟಿ ನೋಡಿದರು. ಅವರ ಕಣ್ಣು ತೇವವಾದಂತೆ ಕಂಡಿತು. "ಭೇಷ್ ತಮ್ಮಾ," ಎಂದರು. ಹಿಂದೆ ನಿಂತ ಅಮೃತಾ ನನ್ನ ಕಡೆ ಹುಬ್ಬು ಹಾರಿಸಿದಳು. ಅರ್ಧ ಮದುವೆ ಅಲ್ಲೇ ಆಗಿತ್ತು.

ಮಂಕಿ ಕ್ಯಾಪಿನ ಕಾಕಾ ಅನುಮಾನಿಸಿದರು. "ಬೆಳ್ಳೀ ವಾಟಗಾ. ಇದರಾಗ ಇದು ನಡೀತದೇನ್ರಿ?"

"ಬೆಳ್ಳಿಗೆ ಮೈಲಿಗಿ ಇಲ್ಲ ತಗೋರಿ," ಎಂದರು ಗಾಂಧಿ ಟೋಪಿ, ಆಗಲೇ ಕೈ ಚಾಚಿ.

ಆಗ ನಾನು ಬಾಯಿ ತೆರೆದೆ. "ಒಂದು ವಿನಂತಿ ರೀ. ಇವು ನಮ್ಮ ಅವ್ವನ ವಾಟಗಾ. ತುಟಿ ಹಚ್ಚಬ್ಯಾಡ್ರಿ. ಎಲ್ಲಾರೂ ಎತ್ತಿ ಕುಡೀರಿ."

ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ನಮ್ಮ ಮಂದಿಗೆ ಬೆಳ್ಳಿ ಲೋಟ ಕಂಡರೆ ಕತ್ತು ತಾನಾಗಿ ಹಿಂದೆ ಹೋಗುತ್ತದೆ. ಗಚ್ಚಿಯ ತುಂಬ ಟೋಪಿಗಳು ಒಟ್ಟಿಗೆ ಹಿಂದೆ ವಾಲಿದವು, ಬಾಯಿಗಳು ಆಕಾಶಕ್ಕೆ ತೆರೆದವು, ಲೋಟಗಳು ಮೇಲೇರಿ ಬಾಗಿದವು. ಏನೂ ಬೀಳಲಿಲ್ಲ. ಬರ್ಫದ ಗೋಪುರ ಲೋಟದ ಬಾಯಿಗೆ ಬಿರಡೆಯಂತೆ ಕೂತಿತ್ತು. "ಇನ್ನಷ್ಟು ಬಗ್ಗಿಸ್ರಿ," ಎಂದೆ, ಮುದುಕನ ಶಾಂತ ದನಿಯಲ್ಲಿ. ಬಗ್ಗಿಸಿದರು.

ಬಿತ್ತು. ಧಾರೆಯಾಗಿ ಅಲ್ಲ, ಗುಡ್ಡ ಕುಸಿದ ಹಾಗೆ. ಗಾಂಧಿ ಟೋಪಿಯವರ ಕನ್ನಡಕ ಹೋಯಿತು. ಮಂಕಿ ಕ್ಯಾಪಿನವರಿಗೆ ಮುಖವಷ್ಟೇ ಬಯಲಿತ್ತು, ಎಲ್ಲವೂ ಅಲ್ಲೇ ಸೇರಿ ಕ್ಯಾಪಿನೊಳಗೆ ಇಳಿಯಿತು. ದೇಸಾಯರು ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ್ದರು, ಯಜಮಾನರಲ್ಲವೇ. ಬರ್ಫ ಅವರ ಹಣೆಗೆ ಬಡಿದು ಹಿಂದೆ ವಾಲಿದ್ದ ಹ್ಯಾಟಿನ ಅಂಚಿಗೆ ಜಾರಿತು, ಬರ್ಬನ್ ಬಿಳಿ ಕೋಟಿನೊಳಗೆ ಹರಿಯಿತು, ಪುದೀನದ ಟೊಂಗೆ ಮೀಸೆಯ ಮೇಲೆ ನೆಟ್ಟಗೆ ನಿಂತಿತು.

ಟೀವಿಯಲ್ಲಿ ಕುದುರೆಗಳು ಓಡುತ್ತಲೇ ಇದ್ದವು.

ಆಗ, ನನ್ನನ್ನು ಕೇಳದೆ, ನನ್ನ ಗಂಟಲು ಮಾತಾಡಿತು. ಅವರದೇ ದನಿ, ಮೀಸೆಯ ಏರಿಳಿತ ಸಮೇತ:

"ಕೆಂಟಕಿಯೊಳಗ ಹಂಗಲ್ಲ!"

ಕಾಕಾಗಳು ಸ್ಫೋಟಿಸಿದರು. ಇಷ್ಟು ವರ್ಷ ಆ ಪಲ್ಲವಿ ಕೇಳಿ ಬೇಸತ್ತ ಮಂದಿ ಹೊಟ್ಟೆ ಹಿಡಿದು ನಕ್ಕರು. ನಗದವರು ಇಬ್ಬರೇ. ಅಮೃತಾ ಕಣ್ಣು ಮುಚ್ಚಿಕೊಂಡಿದ್ದಳು. ದೇಸಾಯರು ನನ್ನನ್ನು ನೋಡುತ್ತಿದ್ದರು.

"ಇದನ್ನ ಎಷ್ಟ ದಿನದಿಂದ ಮಾಡ್ಲಿಕತ್ತಿ?" ಎಂದರು ಮೆಲ್ಲಗೆ. ನಾನು ಕೈಯಲ್ಲಿದ್ದ ಲೋಟ ಒರೆಸತೊಡಗಿದೆ. "ನನ್ನ ಮಗಳ ಮುಂದನೂ ಮಾಡಿದ್ದಿ?"

ಅಷ್ಟರಲ್ಲಿ ಜಿನೆಯ ಬಾಗಿಲಲ್ಲಿ, ಕೈಯಲ್ಲಿ ಕೋಸಂಬರಿಯ ತಾಟು ಹಿಡಿದು, ಹಣೆಗೆ ಹೊಸ ಕುಂಕುಮ ಇಟ್ಟುಕೊಂಡು ಅವ್ವ ನಿಂತಿದ್ದಳು. ಕೆಳಗಿನ ಅರಿಶಿನ-ಕುಂಕುಮಕ್ಕೆ ಕರೆದಿದ್ದರಂತೆ. ನಗೆಯ ಸದ್ದು ಕೇಳಿ, ತನ್ನ ಲೋಟಗಳು ಹೇಗಿವೆ ನೋಡೋಣ ಎಂದು ಮೇಲೆ ಹತ್ತಿದ್ದಳು. ತಾಟು ಕೆಳಗಿಟ್ಟು, ನನ್ನ ಕೈಯ ಲೋಟ ತೆಗೆದುಕೊಂಡು ಮೂಸಿದಳು.

"ಇದು ಪಾನಕಾ?"

ದೇಸಾಯರು, ಎಷ್ಟೆಂದರೂ ಮನೆಯ ಯಜಮಾನರು, ಮೀಸೆಯ ಪುದೀನ ಕೀಳುತ್ತ ಮರ್ಯಾದೆ ಕಾಪಾಡಲು ನೋಡಿದರು. "ಗೋವಿನಜೋಳದ್ದ ರೀ ಬಾಯಿಯವರ. ಶುದ್ಧ ಧಾನ್ಯ."

"ಹಂಗಾದ್ರ ನಾಳೆಗೆ ಉಳಿಸಬ್ಯಾಡ್ರಿ. ನಾಳೆ ಏಕಾದಶಿ, ಧಾನ್ಯ ನಡೆಯಂಗಿಲ್ಲ," ಎಂದಳು ಅವ್ವ, ನನ್ನ ಮೇಲಿನ ಕಣ್ಣು ತೆಗೆಯದೆ.

ನನಗೆ ಹೇಳಿಕೊಳ್ಳಲು ಒಂದೇ ಒಂದು ಪುಣ್ಯ ಉಳಿದಿತ್ತು. "ಅವ್ವಾ, ಯಾರೂ ತುಟಿ ಹಚ್ಚಿಲ್ಲ. ಒಂದು ವಾಟಗಾನೂ ಎಂಜಲ ಆಗಿಲ್ಲ."

"ವಾಟಗಾ ಆಗಿಲ್ಲ, ಖರೆ," ಎಂದಳು ಅವ್ವ. "ನಿನ್ನ ಬಾಯಾಗ ಒಂದು ಮಾತರೆ ಎಂಜಲ ಅಲ್ಲದ್ದು ಅದ ಏನು? ಒಂದು ಅವರು ಅಂದದ್ದು, ಒಂದು ಇವರು ಅಂದದ್ದು. ಇವರು ಮಗಳ್ನ ಕೊಡೋದು ಯಾರಿಗೆ? ಕೆಂಟಕಿಯವಗೋ, ಆಚಾರ್ಯರಿಗೋ?"

ಕಾಕಾಗಳ ನಗೆ ನಿಂತಿತು. ನಾನು ಬಾಡಿಗೆದಾರರನ್ನು ಕರೆದೆ. ಆಚಾರ್ಯರು ಬರಲಿಲ್ಲ. ಚೇರ್ಮನ್ ಬರಲಿಲ್ಲ. ಬೇಸಿಕಲಿ ಎನ್ನುವವನೂ ಬರಲಿಲ್ಲ. ಎಲ್ಲರೂ ಮನೆ ಖಾಲಿ ಮಾಡಿ ಹೋಗಿದ್ದರು. ಜಿನೆಯ ಕೆಳಗಿಂದ ಯಾರೋ ಒಬ್ಬ, ತಲೆ ಕೆದರಿದವನು, ಎದ್ದು ಬಂದ.

"ಕಾಕಾ," ಎಂದೆ. ದನಿ ತೆಳ್ಳಗಿತ್ತು, ನಡುವೆ ಒಡೆಯಿತು, ಕೊನೆಗೆ ಕೀರಲಾಯಿತು. "ಬರ್ಫ ಹೆಚ್ಚ ಹಾಕಿದ್ದು ನನ್ನ ತಪ್ಪು. ನಿಮ್ಮ ದನಿ ತೆಗೆದದ್ದೂ ತಪ್ಪು. ಅವ್ವಗ ಸುಳ್ಳ ಹೇಳಿದ್ದೂ ತಪ್ಪು. ಅಮೃತಾ ಬೇಕು ಅಂದದ್ದೊಂದು ತಪ್ಪಲ್ರಿ."

ದೇಸಾಯರು ಹ್ಯಾಟು ತೆಗೆದರು. ಅಂಚಿನ ಬರ್ಫ ಕಾಲ ಬುಡಕ್ಕೆ ಸುರಿಯಿತು. ಅನುಮಾನದಿಂದ ಮಗಳ ಕಡೆ ತಿರುಗಿ, "ಈಗ ಯಾರ ನಕಲಿ ಮಾಡಿದಾ ಇವಾ?" ಎಂದು ಕೇಳಿದರು.

ಅದಕ್ಕೆ ಅಮೃತಾ ಕೊಟ್ಟ ಉತ್ತರದ ಮೇಲೆ ಯಾರೂ ಮಾತು ಬೆಳೆಸಲಿಲ್ಲ. ಆಮೇಲೆ ನಡೆದ ಮಾತೆಲ್ಲ ಮುಹೂರ್ತದ್ದೇ. ಅವಳು ಹೇಳಿದ್ದನ್ನು ಇದ್ದಂತೆ ಬರೆಯುತ್ತೇನೆ, ನನ್ನದೇನೂ ಸೇರಿಸದೆ:

"ಯಾರದೂ ಅಲ್ಲಪ್ಪಾ, ಅವನ ಸ್ವಂತದ್ದು. ರೂಢಿ ಇಲ್ಲ, ಅದಕ್ಕ ಇಷ್ಟ ಕೆಟ್ಟ ಬಂತು."